ಮೀಟರ್ ಹೇಳಿದ ಸುಳ್ಳು

ಇವತ್ತು ಕಾರಿನ ಟ್ಯಾಂಕ್ ಫುಲ್ ಮಾಡಿಸಿದೆ. 43 ಲೀಟರ್ ಹಿಡಿಯಿತು. ಕಳೆದ ಸಲ ಫುಲ್ ಮಾಡಿಸಿದ ಮೇಲೆ ಓಡಿದ್ದು 387 ಕಿಲೋಮೀಟರ್.

ಡ್ಯಾಶ್‌ಬೋರ್ಡ್ ನೋಡಿದರೆ ಲೀಟರಿಗೆ 12.6 ಅಂತ ತೋರಿಸುತ್ತಾ ಕೂತಿದೆ. ಫೋನಿನಲ್ಲಿ ಭಾಗಿಸಿ ನೋಡಿದೆ. ಸರಿಯಾಗಿ 9.

ಸುಮ್ನೆ ಸಮಾಧಾನಕ್ಕೆ ಇನ್ನೊಂದು ಸಲ ಲೆಕ್ಕ ಹಾಕಿದೆ. ಅದೇ 9.

ಆಮೇಲೆ ಹೊಳೆಯಿತು. ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಅಳೆಯುವುದೇ ಇಲ್ಲ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅಂತ ಎಣಿಸಿ ಅಂದಾಜು ಹೇಳುತ್ತದೆ, ಅಷ್ಟೇ. ಪವರ್ ಹೆಚ್ಚಿಸಲು ನಾನು ಹಾಕಿಸಿದ್ದು ಹಳೆಯದಕ್ಕಿಂತ ಶೇಕಡಾ 40ರಷ್ಟು ದೊಡ್ಡ ಇಂಜೆಕ್ಟರ್. ಟ್ಯೂನ್ ಮಾಡಿದವರು ಕಂಪ್ಯೂಟರಿನಲ್ಲಿ ಅದರ ಅಳತೆ ಬದಲಿಸದೆ, ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಸೆನ್ಸರ್‌ನ ಲೆಕ್ಕ ಇಳಿಸಿ ಹೊಂದಿಸಿದ್ದಾರೆ. ಎಂಜಿನ್ ಚೆನ್ನಾಗೇ ಓಡುತ್ತದೆ. ಮೀಟರ್ ಮಾತ್ರ ಇನ್ನೂ ಹಳೇ ಇಂಜೆಕ್ಟರ್ ಕಾಲದಲ್ಲೇ ಇದೆ. 9ನ್ನು 1.4ರಿಂದ ಗುಣಿಸಿ ನೋಡಿ. 12.6!

ಹಾಗಂತ ಮೈಲೇಜ್ ಬಿದ್ದಿದ್ದು ಇಂಜೆಕ್ಟರ್‌ನಿಂದ ಅಲ್ಲ. ನನ್ನ ಬಲಗಾಲಿನಿಂದ. ಹದವಾಗಿ ಓಡಿಸಿದರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಪೂರ್ತಿ ಊದುವಾಗ ಅದು 11–12ರ ಹತ್ತಿರ ಇಳಿಯುತ್ತದೆ. ಎಂಜಿನ್ ನಾಕ್ ಆಗಬಾರದು (ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನೇ ಹೊತ್ತಿಕೊಂಡು ಬಡಿಯಬಾರದು), ಒಳಗಿನ ಬಿಸಿ ಹಿಡಿತದಲ್ಲಿರಬೇಕು ಅಂತ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಅಂದರೆ ಒಂದಿಷ್ಟು ಪೆಟ್ರೋಲ್ ಉರಿಯೋಕಲ್ಲ, ತಂಪು ಮಾಡೋಕೆ!

ಮೂರು ತಿಂಗಳಿಂದ ಎಲ್ಲರ ಹತ್ತಿರ "ಪವರ್ ಹೆಚ್ಚಾದ ಮೇಲೆ ಮೈಲೇಜೂ ಹೆಚ್ಚಾಗಿದೆ, ಗೊತ್ತಾ" ಅಂತ ಕೊಚ್ಚಿಕೊಂಡಿದ್ದೆ. ಕೇಳಿಸಿಕೊಂಡವರೆಲ್ಲ ಇದನ್ನು ಓದುತ್ತಿದ್ದೀರಿ, ಅಲ್ವಾ?