ನಾಲ್ಕು ಚಮಚ

"ಹಸಿದ ಜೀವಕ್ಕೆ ಊಟ ಹಾಕಬಾರದು ಅಂತ ಯಾವ ಶಾಸ್ತ್ರದಲ್ಲಿದೆ ಮೇಡಂ?"

"ಹಾಕ್ತೀವಿ ಸರ್. ಈಗ ನಾಲ್ಕು ಚಮಚ. ನಾಲ್ಕು ಗಂಟೆ ಬಿಟ್ಟು ಇನ್ನು ನಾಲ್ಕು."

"ಇದಕ್ಕೆ ರಕ್ಷಣೆ ಅಂತ ಹೆಸರಾ?"

"ಹೂಂ."

ಇಷ್ಟೇ ಮಾತು. ಭಾನುವಾರ ನಡೆದದ್ದು. ಆಮೇಲೆ ವಾರವಿಡೀ ಹಲ್ಲುಜ್ಜುವಾಗ, ಬಟ್ಟೆ ಮಡಚುವಾಗ, ರಾತ್ರಿ ನಿದ್ದೆ ಬರದೇ ಇದ್ದಾಗ ಇದೇ ತಲೆಯಲ್ಲಿ ತಿರುಗುತ್ತಿದೆ. ಒಂದು ದಿನ ಆ ಮನುಷ್ಯ ಹೇಳಿದ್ದರಲ್ಲಿ ಏನು ತಪ್ಪು ಅನ್ನಿಸುತ್ತದೆ. ಮರುದಿನ ಅಕ್ಕನೇ ಸರಿ ಅನ್ನಿಸುತ್ತದೆ. ಅಕ್ಕನೇ ಸರಿ, ಅದು ನನಗೆ ಗೊತ್ತು. ಆದರೂ ಆ "ಹೂಂ" ಸ್ವಲ್ಪ ಜಾಸ್ತಿಯಾಯಿತು ಅಲ್ವಾ?

ಬಿಡುವು ಸಿಕ್ಕಾಗ ನಾನು ಒಂದು ಪ್ರಾಣಿಗಳ ಶೆಲ್ಟರ್‌ಗೆ ಹೋಗಿ ತಟ್ಟೆ ತೊಳೆದು, ಕೇಜ್ ಗುಡಿಸಿ ಬರುತ್ತೇನೆ. ಅಲ್ಲಿ ಡಾಕ್ಟರ್ ಕೈಕೆಳಗೆ ಕೆಲಸ ಮಾಡುವ ಹೆಂಗಸನ್ನು ಎಲ್ಲರೂ ಅಕ್ಕ ಅಂತಲೇ ಕರೆಯುವುದು. ಗಾಯಕ್ಕೆ ಡ್ರೆಸ್ಸಿಂಗ್, ಡ್ರಿಪ್, ರಾತ್ರಿ ಕಾವಲು ಎಲ್ಲ ಅವರದೇ. ಕೈ ಮೃದು, ಬಾಯಿ ಒರಟು. ಪ್ರಾಣಿಗಳ ಜೊತೆ ಗಂಟೆಗಟ್ಟಲೆ ಮಾತಾಡುವವರು ಮನುಷ್ಯರಿಗೆ ಎರಡು ವಾಕ್ಯ ಖರ್ಚು ಮಾಡಲು ಲೆಕ್ಕ ಹಾಕುತ್ತಾರೆ.

ಆ ಮನುಷ್ಯ ಒಂದು ನಾಯಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದಿದ್ದರು. ಬೀಗ ಹಾಕಿದ ಮನೆಯೊಂದರ ಹಿಂದೆ ಕಟ್ಟಿಹಾಕಿ ಬಿಟ್ಟುಹೋದ ನಾಯಿ. ಪಕ್ಕೆಲುಬು, ಸೊಂಟದ ಮೂಳೆ ಎಲ್ಲ ಎಣಿಸುವ ಹಾಗಿತ್ತು. ಮೈಯೆಲ್ಲ ಕಜ್ಜಿ, ಹತ್ತಿರ ಹೋದರೆ ಕೆಟ್ಟ ವಾಸನೆ. ಅಂಥ ನಾಯಿಯನ್ನು ಬರಿಗೈಯಲ್ಲಿ ಎತ್ತಿಕೊಂಡು ಬಂದಿದ್ದರು. ಅಂಗಿಗೆ ಏನೇನೋ ಮೆತ್ತಿತ್ತು, ಅದರ ಕಡೆ ಅವರ ಗಮನವೇ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದಿನ ಮಾತು ಕೇಳಿ ನೀವು ಅವರ ಮೇಲೆ ಬೇರೆ ಅಭಿಪ್ರಾಯಕ್ಕೆ ಬರಬಹುದು. ನಾಯಿಯನ್ನು ಕೆಳಗಿಳಿಸಿದವರೇ ಒಂದು ಕೈಯಲ್ಲಿ ದೊಡ್ಡ ಊಟದ ಡಬ್ಬಿ ತೆಗೆದರು. ಇನ್ನೊಂದು ಕೈಯಲ್ಲಿ ಫೋನ್. ವಿಡಿಯೊ ಓಡುತ್ತಿತ್ತು.

ಮುಚ್ಚಳ ತೆರೆದ ಸದ್ದಿಗೆ ನಾಯಿ ತಲೆ ಎತ್ತಿತು. ಅಲ್ಲಿಯವರೆಗೆ ಅದಕ್ಕೆ ಕಿವಿ ಅಲ್ಲಾಡಿಸುವ ಶಕ್ತಿಯೂ ಇರಲಿಲ್ಲ. ಅಕ್ಕ ಒಳಗಿನಿಂದ ಓಡಿಬಂದು ಡಬ್ಬಿ ಕಿತ್ತುಕೊಂಡರು. ಕಿತ್ತುಕೊಂಡರು ಅಂತಲೇ ಹೇಳಬೇಕು. ನಾಯಿಯ ಕಣ್ಣು ಡಬ್ಬಿಯ ಹಿಂದೆಯೇ ಹೋಯಿತು. ಮೇಲೆ ಬರೆದ ನಾಲ್ಕು ಮಾತು ನಡೆದದ್ದು ಆಗಲೇ.

ನನ್ನ ದೂರು ಇಷ್ಟೇ. ಯಾಕೆ ಅಂತ ಅಕ್ಕ ಒಂದು ನಿಮಿಷ ನಿಂತು ಹೇಳಬಹುದಿತ್ತು. ಅವರು ಹೇಳಲಿಲ್ಲ, ಆದ್ದರಿಂದ ನಾನಾದರೂ ಹೇಳುತ್ತೇನೆ.

ತುಂಬಾ ದಿನ ಉಪವಾಸ ಬಿದ್ದ ದೇಹ ತನ್ನ ಕೊಬ್ಬನ್ನೂ ಸ್ನಾಯುಗಳನ್ನೂ ಕರಗಿಸಿಕೊಂಡು ಬದುಕುತ್ತಿರುತ್ತದೆ. ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಒಳಗೊಳಗೇ ಖಾಲಿಯಾಗುತ್ತಾ ಬಂದಿರುತ್ತವೆ. ಆಗ ಒಮ್ಮೆಲೇ ಹೊಟ್ಟೆ ತುಂಬ ಊಟ ಬಿದ್ದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಫಾಸ್ಫರಸ್ ಕೂಡ ಜೀವಕೋಶಗಳ ಒಳಗೆ ಹೋಗಿಬಿಡುತ್ತದೆ. ಹೃದಯದ ಬಡಿತ ತಪ್ಪುತ್ತದೆ, ಉಸಿರಾಡುವ ಸ್ನಾಯುಗಳು ಸೋಲುತ್ತವೆ. ಹಸಿವೆಯಿಂದ ಸಾಯದ ಪ್ರಾಣಿ ಊಟದಿಂದ ಸಾಯುತ್ತದೆ. ಡಾಕ್ಟರುಗಳು ಇದನ್ನು ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ನಾಯಿಗೂ ಅಷ್ಟೇ, ಕುದುರೆಗೂ ಅಷ್ಟೇ, ಮನುಷ್ಯರಿಗೂ ಅಷ್ಟೇ. 1945ರಲ್ಲಿ ಜರ್ಮನಿಯ ಬರ್ಗನ್-ಬೆಲ್ಸೆನ್ ಎಂಬ ನಾಜಿ ಯಾತನಾ ಶಿಬಿರದ ಹಸಿದ ಬಂದಿಗಳು ಬಿಡುಗಡೆಯಾದಾಗ ಬ್ರಿಟಿಷ್ ಸೈನಿಕರು ಮರುಗಿ ತಮ್ಮ ಪಾಲಿನ ಊಟವನ್ನೇ ಕೊಟ್ಟರು. ಅದನ್ನು ತಿಂದು ಸತ್ತವರಿದ್ದಾರೆ. ಕೊಟ್ಟವರಿಗೆ ಆಮೇಲೆ ಹೇಗಾಗಿರಬೇಡ!

ಹಾಗಾಗಿ ನಾಲ್ಕು ಚಮಚ. ಮೊದಲ ದಿನ ದೇಹಕ್ಕೆ ಬೇಕಾದ್ದರಲ್ಲಿ ಒಂದು ಪಾಲು ಮಾತ್ರ. ರಕ್ತ ಪರೀಕ್ಷೆ ನೋಡಿಕೊಂಡು ದಿನದಿನಕ್ಕೆ ಸ್ವಲ್ಪ ಏರಿಸುತ್ತಾ ಹೋಗುವುದು. ರಾತ್ರಿ ಎರಡು ಗಂಟೆಗೂ ಯಾರೋ ಎದ್ದು ಆ ನಾಲ್ಕು ಚಮಚ ತಿನ್ನಿಸಬೇಕು. ನಾಯಿ ಇನ್ನೂ ಬೇಕು ಅಂತ ನೋಡುತ್ತದೆ. ಅದರ ಮುಂದೆ ಖಾಲಿ ತಟ್ಟೆ ಎತ್ತಿಕೊಂಡು ಹೊರಡಬೇಕು. ಊಟ ಹಾಕುವುದಕ್ಕಿಂತ ಇದು ಕಷ್ಟದ ಕೆಲಸ ಅಂತ ನನಗೆ ಈ ವಾರ ಬಲವಾಗಿ ಅನ್ನಿಸಿದೆ.

ಪ್ರಾಣಿಗಳ ರಕ್ಷಣೆಯ ಬಗ್ಗೆ ನಾನು ಓದಿದ್ದನ್ನೆಲ್ಲ ಮತ್ತೆ ನೆನಪು ಮಾಡಿಕೊಂಡರೆ, ಎಲ್ಲೆಲ್ಲೂ ಈ ಕೈ ತಡೆಯುವ ಕೆಲಸವೇ ಕಾಣುತ್ತದೆ. ಕೀನ್ಯಾದಲ್ಲಿ ಡ್ಯಾಫ್ನಿ ಶೆಲ್ಡ್ರಿಕ್ ಅವರು ತಾಯಿ ಕಳೆದುಕೊಂಡ ಆನೆ ಮರಿಗಳನ್ನು ಸಾಕಿದವರು. ಹಸುವಿನ ಹಾಲಿನ ಕೊಬ್ಬು ಆನೆ ಮರಿಗೆ ಜೀರ್ಣವಾಗುವುದಿಲ್ಲ. ಎಷ್ಟೋ ಮರಿಗಳು ಕಣ್ಣೆದುರೇ ಸತ್ತ ಮೇಲೆ, ತೆಂಗಿನೆಣ್ಣೆ ಸೇರಿಸಿದ ಒಂದು ಹಾಲಿನ ಮಿಶ್ರಣ ಕೈಹಿಡಿಯಿತು. ಅದನ್ನು ಕುಡಿದು ಆಯಿಶಾ ಎಂಬ ಪುಟ್ಟ ಮರಿ ಚೆನ್ನಾಗಿ ಬೆಳೆಯುತ್ತಿತ್ತು. ಡ್ಯಾಫ್ನಿ ಮಗಳ ಮದುವೆಗೆಂದು ಕೆಲವು ದಿನ ದೂರ ಹೋದರು. ಆಯಿಶಾ ಹಾಲು ಬಿಟ್ಟಿತು, ಸತ್ತೇಹೋಯಿತು. ಹಾಲು ಅದೇ ಇತ್ತು, ಕೊಡುವ ಕೈ ಇರಲಿಲ್ಲ. ನೈರೋಬಿಯಲ್ಲಿ ಅವರು ಕಟ್ಟಿದ ಅನಾಥ ಮರಿಗಳ ಮನೆಯಲ್ಲಿ ಪಾಲಕರು ಇವತ್ತಿಗೂ ಮರಿಗಳ ಜೊತೆಯಲ್ಲೇ ರಾತ್ರಿ ಮಲಗುತ್ತಾರೆ. ಆದರೆ ಒಬ್ಬರೇ ಪಾಲಕರು ಒಂದೇ ಮರಿಗೆ ಅಂಟಿಕೊಳ್ಳದ ಹಾಗೆ ಸರದಿ ಬದಲಾಗುತ್ತಾ ಇರುತ್ತದೆ. ನನ್ನ ಮರಿ ಅಂತ ಯಾರೂ ಅಂದುಕೊಳ್ಳುವ ಹಾಗಿಲ್ಲ. ಪ್ರೀತಿಗೂ ಅಲ್ಲಿ ಅಳತೆ ಉಂಟು.

ಪೆಂಗ್ವಿನ್‌ಗಳ ಕತೆ ಇನ್ನೂ ಚೆನ್ನ. 2000ನೇ ಇಸವಿ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಹತ್ತಿರ ಟ್ರೆಷರ್ ಎಂಬ ಹಡಗು ಮುಳುಗಿ ಸಮುದ್ರಕ್ಕೆ ಎಣ್ಣೆ ಚೆಲ್ಲಿತು. ಎಣ್ಣೆ ಮೆತ್ತಿಕೊಂಡ ಪೆಂಗ್ವಿನ್‌ಗಳೇ ಸುಮಾರು 19,000. ಅವನ್ನು ಉಳಿಸಲು ಸಾವಿರಾರು ಜನ ಸ್ವಯಂಸೇವಕರು ಬಂದರು. ಎಣ್ಣೆ ಹಿಡಿದ ಹಕ್ಕಿಯನ್ನು ಕಂಡ ಕೂಡಲೇ ತೊಳೆಯೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ತೊಳೆಯುವ ಹಾಗಿಲ್ಲ. ಮೊದಲು ಬೆಚ್ಚಗಿಟ್ಟು, ನೀರು, ಆಹಾರ ಕೊಟ್ಟು ಸುಧಾರಿಸಿಕೊಳ್ಳಲು ಬಿಡಬೇಕು. ಸುಸ್ತಾದ ಹಕ್ಕಿ ತೊಳೆಯುವ ಗಾಬರಿಗೇ ಸತ್ತುಹೋಗಬಹುದು. ಇನ್ನು ಎಣ್ಣೆ ಮುಟ್ಟದ ಪೆಂಗ್ವಿನ್‌ಗಳೂ ಹೆಚ್ಚುಕಡಿಮೆ ಅಷ್ಟೇ ಇದ್ದವು. ಅವನ್ನು ಲಾರಿಗಳಲ್ಲಿ ತುಂಬಿ ನೂರಾರು ಕಿಲೋಮೀಟರ್ ದೂರದ ಪೋರ್ಟ್ ಎಲಿಜಬೆತ್‌ಗೆ ಒಯ್ದು ಸಮುದ್ರಕ್ಕೆ ಬಿಟ್ಟರು. ಅವು ಈಜಿಕೊಂಡು ಮನೆ ಸೇರುವ ಹೊತ್ತಿಗೆ ನೀರು ಸ್ವಚ್ಛವಾಗಿರಲಿ ಅಂತ ಈ ಉಪಾಯ. ಹಾಗೇ ಆಯಿತು ಕೂಡ. ಎಣ್ಣೆ ಮೆತ್ತಿದ ಹಕ್ಕಿಗಳಲ್ಲೂ ಬಹುಪಾಲು ಉಳಿದವು. ಅಂದಹಾಗೆ, ಉಳಿಸಿದವರಿಗೆ ಪೆಂಗ್ವಿನ್ ಥ್ಯಾಂಕ್ಸ್ ಹೇಳುವುದಿಲ್ಲ. ಕೊಕ್ಕಿನಿಂದ ಕಚ್ಚುತ್ತದೆ, ಬಲವಾಗಿಯೇ.

ನಮ್ಮ ಭಾನುವಾರದ ಮನುಷ್ಯನಿಗೆ ಬೇಕಾಗಿದ್ದು ಆ ಥ್ಯಾಂಕ್ಸ್ ಅಂತ ನನ್ನ ಅನುಮಾನ. ಹಾಗಂತ ಅವರನ್ನು ಕೆಟ್ಟವರು ಅನ್ನುತ್ತಿಲ್ಲ. ನಾನೇ ಊಹಿಸಿಕೊಂಡು ನೋಡಿದೆ. ಗಬಗಬ ತಿಂದು ಮುಗಿಸಿದ ನಾಯಿ ತಲೆ ಎತ್ತಿ ಬಾಲ ಅಲ್ಲಾಡಿಸಿದರೆ ಯಾರಿಗೆ ಖುಷಿಯಾಗದು? ಫೋನಿನಲ್ಲಿ ನಾವು ನೋಡುವ ರೆಸ್ಕ್ಯೂ ವಿಡಿಯೊಗಳೆಲ್ಲ ಇರುವುದೇ ಹಾಗೆ. ಮೊದಲು ಚರಂಡಿಯಲ್ಲಿ ಬಿದ್ದ ನಾಯಿ, ಆಮೇಲೆ ತಟ್ಟೆ ತುಂಬ ಊಟ, ಸ್ನಾನ, ಸಂಗೀತ, ಕೊನೆಗೆ ಸೋಫಾ ಮೇಲೆ ಕುಣಿತ. ಎರಡು ನಿಮಿಷದಲ್ಲಿ ಎಲ್ಲ ಸರಿಹೋಗುತ್ತದೆ. ಆ ಎರಡು ನಿಮಿಷದ ಮಧ್ಯೆ ಇರುವ ರಾತ್ರಿಗಳನ್ನು ಯಾರೂ ತೋರಿಸುವುದಿಲ್ಲ. ತೋರಿಸಿದರೂ ಯಾರು ನೋಡುತ್ತಾರೆ? ಖಾಲಿ ತಟ್ಟೆ ಎತ್ತಿಕೊಂಡು ಹೋಗುವ ಹೆಂಗಸಿಗೆ ಯಾರು ಲೈಕ್ ಕೊಡುತ್ತಾರೆ?

ಇದರ ಕೆಟ್ಟ ತುದಿ ಎಲ್ಲಿಗೆ ಮುಟ್ಟಿದೆ ಗೊತ್ತಾ? ನಾಯಿಮರಿಯ ಮೇಲೆ ಬೇಕಂತಲೇ ಹೆಬ್ಬಾವು ಬಿಟ್ಟು, ಆಮೇಲೆ ಓಡಿಬಂದು ಬಿಡಿಸಿದ ಹಾಗೆ ನಟಿಸಿ ವಿಡಿಯೊ ಮಾಡುವವರಿದ್ದಾರೆ. ಒಂದೇ ಮರಿ, ಒಂದೇ ಹಾವು ಮತ್ತೆ ಮತ್ತೆ ಬೇರೆ ಬೇರೆ ವಿಡಿಯೊಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇಂಥವನ್ನು ನಿಷೇಧಿಸುತ್ತೇವೆ ಅಂತ 2021ರಲ್ಲಿ ಯೂಟ್ಯೂಬ್ ಹೇಳಿತು. ಆದರೂ ಹಾಕುವವರು ಹಾಕುತ್ತಲೇ ಇದ್ದಾರೆ, ನೋಡಿ ಅಳುವವರು ಅಳುತ್ತಲೇ ಇದ್ದಾರೆ. ಭಾನುವಾರದ ಮನುಷ್ಯನಿಗೂ ಇವರಿಗೂ ಹೋಲಿಕೆಯೇ ಇಲ್ಲ. ಅವರದು ನಿಜವಾದ ಮರುಕ. ಆದರೆ ಮರುಕ ತೋರಿಸುವುದು ಹೇಗೆ ಅಂತ ಅವರು ಕಲಿತದ್ದು ಮಾತ್ರ ಅದೇ ಫೋನಿನಿಂದ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಬರೆದೇಬಿಡುತ್ತೇನೆ. ಡೊರೊಥಿ ಬ್ರೂಕ್ ಎಂಬ ಇಂಗ್ಲಿಷ್ ಹೆಂಗಸು 1930ರಲ್ಲಿ ಈಜಿಪ್ಟಿನ ಕೈರೋಗೆ ಬಂದರು. ಗಂಡ ಸೈನ್ಯದ ಅಧಿಕಾರಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ದುಡಿದ ಕುದುರೆಗಳನ್ನು ಯುದ್ಧ ಮುಗಿದ ಮೇಲೆ ಅಲ್ಲೇ ಮಾರಿಬಿಟ್ಟಿದ್ದರು. ಅವು ವರ್ಷಗಟ್ಟಲೆ ಗಾಡಿ ಎಳೆದು ಮೂಳೆಚಕ್ಕಳವಾಗಿದ್ದವು, ಕೆಲವು ಕುರುಡಾಗಿದ್ದವು, ಕೆಲವು ಕುಂಟುತ್ತಿದ್ದವು. ಡೊರೊಥಿ 1931ರಲ್ಲಿ ಇಂಗ್ಲೆಂಡಿನ ಒಂದು ಪತ್ರಿಕೆಗೆ ಕಾಗದ ಬರೆದರು. ಜನ ಹಣ ಕಳಿಸಿದರು. ಮೂರು ವರ್ಷದಲ್ಲಿ ಅವರು 5,000 ಕುದುರೆಗಳನ್ನು ಕೊಂಡರು. ಕೊಂಡು ಏನು ಮಾಡಿದರು? ಹೆಚ್ಚಿನವಕ್ಕೆ ನೋವಿಲ್ಲದ ಸಾವು ಕೊಡಿಸಿದರು. ಅವುಗಳ ಸ್ಥಿತಿ ಅಷ್ಟು ಹದಗೆಟ್ಟಿತ್ತು.

ದುಡ್ಡು ಕೊಟ್ಟು ಕೊಂಡು ಸಾಯಿಸಿದರಂತೆ ಅಂದರೆ ಯಾರಾದರೂ ಬೆಚ್ಚುತ್ತಾರೆ. ಆ ಹೆಂಗಸಿನ ಜಾಗದಲ್ಲಿ ನಿಂತು ನೋಡಿದರೆ ಬೇರೆ ಕಾಣುತ್ತದೆ. ಒಂದೊಂದು ಕುದುರೆಯ ಮುಂದೆಯೂ ನಿಂತು ಇದು ಬದುಕಿದರೆ ಸುಖವೋ ಸತ್ತರೆ ಸುಖವೋ ಅಂತ ತೀರ್ಮಾನ ಮಾಡಬೇಕು. 1934ರಲ್ಲಿ ಅವರು ಕೈರೋದಲ್ಲಿ ದುಡಿಯುವ ಪ್ರಾಣಿಗಳಿಗೆ ಉಚಿತ ಆಸ್ಪತ್ರೆ ತೆರೆದರು. ಗಾಡಿಯವರ ಮೇಲೆ ಅವರಿಗೆ ಸಿಟ್ಟು ಇರಲಿಲ್ಲವಂತೆ. ತಮಗೇ ಹೊಟ್ಟೆಗಿಲ್ಲದವರು ಕುದುರೆಗೆ ಎಲ್ಲಿಂದ ತಂದು ಹಾಕಬೇಕು ಅನ್ನುವುದು ಅವರಿಗೆ ಅರ್ಥವಾಗಿತ್ತು. ಅವರು ಶುರು ಮಾಡಿದ ಬ್ರೂಕ್ ಸಂಸ್ಥೆ ಇವತ್ತು ಹಲವು ದೇಶಗಳಲ್ಲಿ ಕುದುರೆ, ಕತ್ತೆ, ಹೇಸರಗತ್ತೆಗಳಿಗಾಗಿ ಕೆಲಸ ಮಾಡುತ್ತಿದೆ.

ಶೆಲ್ಟರ್‌ನಲ್ಲೂ ಆ ತೀರ್ಮಾನದ ದಿನಗಳು ಬರುತ್ತವೆ. ಇಂಜೆಕ್ಷನ್ ಕೊಡುವುದು ಡಾಕ್ಟರ್, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು ಅಕ್ಕ. ಆ ದಿನ ಸಂಜೆ ಅವರ ಹತ್ತಿರ ಯಾರೂ ಮಾತಾಡಲು ಹೋಗುವುದಿಲ್ಲ. ಅವರ ಬಾಯಿ ಯಾಕೆ ಒರಟು ಅಂತ ಕೇಳುವವರು ಒಂದು ಸಲ ಆ ದಿನ ಬಂದು ನೋಡಬೇಕು. ಹೊರಗಿನಿಂದ ಬರುವವರಿಗೆ ರಕ್ಷಣೆ ಅಂದರೆ ಗೇಟಿನ ತನಕ. ಗೇಟಿನಿಂದ ಆಚೆಗಿನದೆಲ್ಲ ಒಳಗಿನವರ ಪಾಲಿಗೆ. ಅದರಲ್ಲೂ ಬೈಗುಳ ಬೇರೆ.

ನಾಯಿ ಈಗ ಎದ್ದು ನಿಲ್ಲುತ್ತದೆ. ಊಟದ ಪ್ರಮಾಣವೂ ಏರಿದೆ. ಆದರೆ ಕಿಡ್ನಿ ಕೈಕೊಟ್ಟಿದೆಯೇನೋ ಅಂತ ಡಾಕ್ಟರಿಗೆ ಅನುಮಾನ. ಇನ್ನೊಂದು ರಕ್ತ ಪರೀಕ್ಷೆಗೆ ಕಳಿಸಿದ್ದಾರೆ. ನಾಯಿ ತಂದ ಆ ಮನುಷ್ಯ ದಿನಾ ಫೋನ್ ಮಾಡುತ್ತಾರಂತೆ.

"ಕಿಡ್ನಿ ವಿಷಯ ಅವರಿಗೆ ಹೇಳಿದ್ರಾ ಅಕ್ಕ?" ಅಂತ ಕೇಳಿದೆ.

"ಹೇಳ್ದೆ. ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ, ರಿಪೋರ್ಟ್ ಬರೋ ದಿನ ನಾನೂ ಬರ್ಲಾ ಮೇಡಂ ಅಂದ್ರು."

"ನೀವೇನಂದ್ರಿ?"

"ಬನ್ನಿ ಅಂದೆ. ಫೋನ್ ಮಾತ್ರ ಕಾರಲ್ಲೇ ಇಟ್ಟು ಬನ್ನಿ ಅಂದೆ."