ಮೊದಲು ಹಾಡು, ಆಮೇಲೆ ನೋಡೋಣ

ನಮ್ಮ ಶಾಲೆಯ ಸಂಗೀತದ ಟೀಚರ್ ತತ್ವಶಾಸ್ತ್ರದ ಮಾತು ಆಡಿದವರೇ ಅಲ್ಲ. ಆದರೂ ಮಡಿಕೇರಿ ಬಿಟ್ಟು ಮೈಸೂರಿಗೆ ಓದಲು ಹೋದಾಗ, ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ 1945ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಭಾಷಣ ಓದುತ್ತಾ ನನಗೆ ನೆನಪಾದದ್ದು ಅವರ ಕ್ಲಾಸೇ. ಮನುಷ್ಯ ಮೊದಲು ಇರುತ್ತಾನೆ, ತಾನು ಏನು ಅನ್ನೋದನ್ನು ಆಮೇಲೆ ತನ್ನ ಕೆಲಸಗಳಿಂದಲೇ ಮಾಡಿಕೊಳ್ಳುತ್ತಾನೆ ಅನ್ನೋದು ಅದರ ತಿರುಳು. ಟೀಚರ್ ಹೇಳುತ್ತಿದ್ದದ್ದು ಇನ್ನೂ ಸರಳ: "ಮೊದಲು ಹಾಡು. ನೀನು ಹಾಡೋ ಮಗುವೋ ಅಲ್ವೋ ಆಮೇಲೆ ನೋಡೋಣ."

ಕೊಡಗಿನಲ್ಲಿ ಈ ಮಾತಿಗೆ ತೂಕ ಜಾಸ್ತಿ. ಇಲ್ಲಿ ಯಾರನ್ನು ಕಂಡರೂ ಮೊದಲು ಕೇಳೋದು ಯಾವ ಮನೆತನ ಅಂತ, ಅಲ್ವಾ? ನಮ್ಮ ಕ್ಲಾಸಿನ ಒಬ್ಬ ಹುಡುಗನ ಅಜ್ಜ ದುಡಿಕೊಟ್ಟ್ ಪಾಟಿಗೆ, ಅಂದರೆ ದುಡಿ ಬಾರಿಸುತ್ತಾ ಹಾಡುವ ಕೊಡವರ ಹಾಡಿಗೆ, ಊರಲ್ಲೇ ಹೆಸರಾದವರು. ಮೊಮ್ಮಗನೂ ಹಾಡಲೇಬೇಕು ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಟೀಚರ್ ಮಾತ್ರ ಅವನನ್ನೇ ಕೇಳಿದರು. ತಾಳ ಹಾಕ್ತೀನಿ, ಹಾಡಲ್ಲ ಅಂದ. ಸರಿ ಅಂದರು. ಮರುವರ್ಷ ಅವನಾಗಿಯೇ ಹಾಡಿದ, ಅಜ್ಜನ ಹಾಗಲ್ಲ, ತನ್ನ ಹಾಗೆ.

ಕರ್ನಾಟಕ ಸಂಗೀತದ ಮೊದಲ ಪಾಠವಾದ, ಮಾಯಾಮಾಳವಗೌಳ ರಾಗದ ಸರಳೆ ವರಸೆ ಮುಗಿದ ಮೇಲೆ ಕೊನೆಯ ಹತ್ತು ನಿಮಿಷ ನಮ್ಮದು. ಅದೇ ರಾಗದ ಸ್ವರಗಳನ್ನು ನಮಗೆ ಬೇಕಾದ ಹಾಗೆ ಜೋಡಿಸಿ, ಆದಿತಾಳದ 8 ಅಕ್ಷರದೊಳಗೆ ಹಾಡಿ, ಷಡ್ಜಕ್ಕೆ, ಅಂದರೆ 'ಸ' ಸ್ವರಕ್ಕೆ, ಬಂದು ನಿಲ್ಲಬೇಕು. ಹೀಗೆ ಸ್ವರಗಳನ್ನು ಆಗಲೇ ಕಟ್ಟಿ ಹಾಡುವ ಕಲ್ಪನಾಸ್ವರವನ್ನು ಸಾಮಾನ್ಯವಾಗಿ ಎಷ್ಟೋ ವರ್ಷ ಕಲಿತ ಮೇಲೆ ಹೇಳಿಕೊಡುತ್ತಾರೆ, ಇವರು ಅದರ ರುಚಿಯನ್ನು ಮೊದಲೇ ಹತ್ತಿಸಿದರು. ನನ್ನದು ಒಡಕು ದನಿ ಅಂತ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದಿದ್ದೆ. ಇಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ಸ್ವರ ಯಾವುದು ಅಂತಲೂ ಯಾರೂ ಹೇಳಲಿಲ್ಲ. ಸುಮ್ನೆ ನಿಂತರೂ ತಾಳ ನಿಲ್ಲಲ್ಲ, ಅಂದರೆ ಸುಮ್ಮನಿರೋದೂ ನಾನೇ ಮಾಡಿದ ಆಯ್ಕೆ. ಸಾರ್ತ್ರ್ ಬರೆಯುವ ಸ್ವಾತಂತ್ರ್ಯದ ದಿಗಿಲು, ಅದರ ಹೊಣೆ, ಎರಡೂ ನನಗೆ ಪುಸ್ತಕಕ್ಕಿಂತ ಮೊದಲು ಗಂಟಲಲ್ಲೇ ಗೊತ್ತಾದವು. ಜುಲೈ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗಲಂತೂ ಪಕ್ಕದವರ ದನಿಯೇ ಕೇಳಿಸುತ್ತಿರಲಿಲ್ಲ, ನಕಲು ಮಾಡೋಣ ಅಂದರೂ ದಾರಿ ಇಲ್ಲ.

ಅಮೆರಿಕದ ಶಿಕ್ಷಣ ಚಿಂತಕಿ ಮ್ಯಾಕ್ಸಿನ್ ಗ್ರೀನ್ ಇದೇ ತತ್ವವನ್ನು ತರಗತಿಗೆ ತಂದವರು. ಕಲೆ ಮಕ್ಕಳನ್ನು ಎಚ್ಚರಿಸಬೇಕು, ಬದುಕು ಬೇರೆ ಥರವೂ ಇರಬಹುದು ಅಂತ ತೋರಿಸಬೇಕು ಅನ್ನೋದು ಅವರ ನಿಲುವು. ನನಗೆ ಅದು ಪೂರ್ತಿ ಒಪ್ಪಿಗೆ.

ಈಗ ನಮ್ಮ ಶಾಲೆಯಲ್ಲಿ ಸಂಗೀತದ ಪೀರಿಯಡ್ ಜಾಸ್ತಿ ಹೋಗೋದು ವಾರ್ಷಿಕೋತ್ಸವದ ತಯಾರಿಗೆ, ಬಹುಮಾನದ ಹಾಡಿಗೆ ಅಂತ ಕೇಳಿದೆ. ಬಹುಮಾನ ಬೇಡ ಅನ್ನಲ್ಲ. ಆದರೆ ಆ ಹತ್ತು ನಿಮಿಷವನ್ನು ದಯವಿಟ್ಟು ಮಕ್ಕಳಿಗೆ ವಾಪಸ್ ಕೊಡಿ. ಪುತ್ತರಿ ಸುಗ್ಗಿ ಹಬ್ಬಕ್ಕೆ ಊರಿಗೆ ಬರುತ್ತೇನೆ. ಹೆಡ್‌ಮಾಸ್ಟರ್ ಒಪ್ಪಿದರೆ ಒಂದು ಶನಿವಾರ ಮಕ್ಕಳ ಜೊತೆ ಕೂತು ತಾಳ ಹಾಕಲು ನಾನು ತಯಾರು.