ಕಟ್ಟು ಬಿಚ್ಚದೆ ಕಳೆಯುವ ಲೆಕ್ಕ ಬರುವುದಿಲ್ಲ

41ರಲ್ಲಿ 17 ಕಳೆ ಎಂದು 2ನೇ ತರಗತಿಯ ಮಗುವಿಗೆ ಕೊಟ್ಟರೆ ಮತ್ತೆ ಮತ್ತೆ ಕಾಣಿಸುವ ತಪ್ಪು ಉತ್ತರ 36. ನಾಲ್ಕರಲ್ಲಿ ಒಂದು ಹೋದರೆ ಮೂರು, ಏಳರಲ್ಲಿ ಒಂದು ಹೋದರೆ ಆರು. ಮಗುವಿಗೆ ಕಳೆಯಲು ಬರುತ್ತದೆ. ಒಂದರಲ್ಲಿ ಏಳು ಹೋಗುವುದಿಲ್ಲ ಅನ್ನುವುದೂ ಗೊತ್ತಾಗಿದೆ, ಅದಕ್ಕೇ ಹೋಗುವ ಕಡೆಯಿಂದ ಕಳೆದಿದೆ. ಆಗ ನಾವು "ಪಕ್ಕದ ಮನೆಯಿಂದ ಸಾಲ ತಗೋ" ಎನ್ನುತ್ತೇವೆ. ಪಕ್ಕದ ಮನೆಯಲ್ಲಿ ಒಂದಾಗಿದ್ದದ್ದು ಈ ಮನೆಗೆ ಬಂದ ಕೂಡಲೇ ಹತ್ತು ಹೇಗಾಯಿತು ಎಂಬುದು ಪಾಟಿಯ ಮೇಲೆ ಎಷ್ಟು ಬರೆದರೂ ಕಾಣುವುದಿಲ್ಲ. ಹತ್ತು ಕಡ್ಡಿಯ ಒಂದು ಕಟ್ಟು ಬಿಚ್ಚಿದಾಗ ಕಾಣುತ್ತದೆ.

2021ರಲ್ಲಿ ಶುರುವಾದ ನಿಪುಣ್ ಭಾರತ್ ಎಂಬ ಕೇಂದ್ರ ಸರ್ಕಾರದ ಓದು-ಲೆಕ್ಕದ ಯೋಜನೆಯ ಗುರಿಗಳಲ್ಲಿ 2ನೇ ತರಗತಿಗೆ 999ರವರೆಗೆ ಓದಿ ಬರೆಯುವುದು, 99ರವರೆಗಿನ ಸಂಖ್ಯೆಗಳನ್ನು ಕಳೆಯುವುದು ಇದೆ. ಎರಡೂ ನಿಂತಿರುವುದು ಹತ್ತನ್ನು ಕಟ್ಟಿ ಬಿಚ್ಚುವ ಈ ಒಂದು ತಿಳಿವಳಿಕೆಯ ಮೇಲೆ.

ಕಡ್ಡಿಗೆ ದುಡ್ಡು ಬೇಕಿಲ್ಲ. ನಮ್ಮ ರಾಯಚೂರು, ಕೊಪ್ಪಳದ ಕಡೆ ತೊಗರಿ ರಾಶಿ ಮುಗಿದ ಮೇಲೆ ಸಣ್ಣ ಕಟ್ಟಿಗೆ ಬೇಕಾದಷ್ಟು ಸಿಗುತ್ತದೆ. ಪೆನ್ಸಿಲ್‌ಗಿಂತ ತುಸು ಸಣ್ಣವನ್ನು ಆರಿಸಿ, ಎಲ್ಲವನ್ನೂ 12 ಸೆಂ.ಮೀ.ಗೆ ಕತ್ತರಿಸಿ, ಎರಡೂ ತುದಿಯನ್ನು ಒರಟು ಕಲ್ಲಿಗೆ ಉಜ್ಜಿ, ಬಿಸಿಲಿಗೆ ಒಣಗಿಸಬೇಕು. ಉದ್ದ ಒಂದೇ ಇರಲೇಬೇಕು. ಇಲ್ಲದಿದ್ದರೆ ಮಕ್ಕಳು ಉದ್ದ ಕಡ್ಡಿಯನ್ನು ಹೆಚ್ಚು, ಗಿಡ್ಡ ಕಡ್ಡಿಯನ್ನು ಕಡಿಮೆ ಎಂದುಕೊಳ್ಳುತ್ತಾರೆ. ಜೋಳದ ದಂಟು ಬೇಡ: ಒಣಗಿದಾಗ ಸೀಳುತ್ತದೆ, ಸಿಪ್ಪೆ ಕೈ ಕೊಯ್ಯುತ್ತದೆ. ಬೆಂಕಿಕಡ್ಡಿ ಆರು ವರ್ಷದ ಕೈಗೆ ತೀರಾ ಸಣ್ಣದು. ರಬ್ಬರ್ ಬ್ಯಾಂಡ್ ನಮ್ಮ ಬೇಸಿಗೆಗೆ ತಡೆಯುವುದಿಲ್ಲ, ಅಂಟಾಗುತ್ತದೆ, ಆಮೇಲೆ ಪಟ್ಟನೆ ಹರಿಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಸೈಕಲ್ ಟ್ಯೂಬನ್ನು 5 ಮಿ.ಮೀ. ಅಗಲಕ್ಕೆ ಅಡ್ಡಡ್ಡ ಕತ್ತರಿಸಿದರೆ ವರ್ಷಗಟ್ಟಲೆ ಬಾಳುವ ಉಂಗುರ ಸಿಗುತ್ತದೆ. ಕಡ್ಡಿ ಸಣ್ಣದಿದ್ದರೆ ಎರಡು ಸುತ್ತು, ದಪ್ಪವಿದ್ದರೆ ಒಂದು.

ಇಬ್ಬರು ಮಕ್ಕಳ ಒಂದು ಜೋಡಿಗೆ 100 ಕಡ್ಡಿಯ ಒಂದು ಚೀಲ ಸಾಕು: ಹತ್ತರ 8 ಕಟ್ಟು, 20 ಬಿಡಿ. 20 ಬಿಡಿ ಯಾಕೆಂದರೆ, ದಶಕ ಸಹಿತ (ಬಿಡಿ ಹತ್ತು ದಾಟುವ ಲೆಕ್ಕ) ಕೂಡುವಾಗ ಬಿಡಿಯಲ್ಲಿ ಹೆಚ್ಚೆಂದರೆ 9 ಮತ್ತು 9 ಸೇರಿ 18 ಆಗುತ್ತದೆ. ಕಳೆಯುವಾಗ ಕಟ್ಟು ಬಿಚ್ಚಿದರೂ ಬಿಡಿ 18 ದಾಟುವುದಿಲ್ಲ. 90 ಬೇಕಾದಾಗ ಬಿಡಿಯಿಂದಲೇ ಇನ್ನೊಂದು ಕಟ್ಟು ಮಾಡಿಕೊಳ್ಳಬಹುದು. ನಲಿ-ಕಲಿ ಕೋಣೆಯಲ್ಲಿ 1ರಿಂದ 3ನೇ ತರಗತಿಯವರೆಲ್ಲ ಒಟ್ಟಿಗೆ ಕೂತರೂ ಎಲ್ಲರೂ ಇದೇ ಚಟುವಟಿಕೆಯಲ್ಲಿ ಇರುವುದಿಲ್ಲ, ಐದು ಚೀಲವಿದ್ದರೆ ಹತ್ತು ಮಕ್ಕಳಿಗೆ ನಡೆಯುತ್ತದೆ. ಚೀಲದ ಮೇಲೆ 100 ಎಂದು ಬರೆದಿರಲಿ. ವಾಪಸು ಕೊಡುವಾಗ ಎಣಿಸಿಯೇ ಕೊಡಬೇಕು, ಅದೂ ಲೆಕ್ಕವೇ.

ಕಟ್ಟನ್ನು ಶಿಕ್ಷಕರು ಮೊದಲೇ ಕಟ್ಟಿಟ್ಟು ಕೊಡುವುದು ದೊಡ್ಡ ತೊಡಕು. ಸಮಯ ಉಳಿಯಿತು ಅನಿಸುತ್ತದೆ, ಆದರೆ ಮಗುವಿಗೆ ಅದು ಹತ್ತು ಕಡ್ಡಿಯಾಗಿ ಕಾಣದೆ ದಪ್ಪನೆಯ ಒಂದು ವಸ್ತುವಾಗಿ ಕಾಣುತ್ತದೆ. ನಾಲ್ಕು ಕಟ್ಟು, ಒಂದು ಬಿಡಿ ಇಟ್ಟು "ಎಷ್ಟದಾವ?" ಎಂದರೆ "ಐದು" ಎನ್ನುವ ಮಕ್ಕಳು ಇಂಥ ಕೋಣೆಯಲ್ಲೇ ಸಿಗುತ್ತಾರೆ. ಮೊದಲ ವಾರ ಪೂರ್ತಿ ಕಟ್ಟುವ ಕೆಲಸವನ್ನೇ ಮಾಡಿಸಿ. ರಾಶಿಯಿಂದ ಐದೈದರಂತೆ ಎರಡು ಸಾಲು ಜೋಡಿಸಿ, ಪಕ್ಕದವರಿಗೆ ತೋರಿಸಿ, ಆಮೇಲೆ ಉಂಗುರ ಹಾಕುವುದು. ಈ ತಪಾಸಣೆ ಬಿಟ್ಟರೆ ಒಂಬತ್ತರ ಕಟ್ಟು, ಹನ್ನೊಂದರ ಕಟ್ಟು ಸದ್ದಿಲ್ಲದೆ ಸೇರಿಕೊಂಡು, ಸರಿಯಾಗಿ ಮಾಡಿದ ಮಗುವಿಗೂ ತಪ್ಪು ಉತ್ತರ ಬರುತ್ತದೆ. ಮಗುವಿನ ನಂಬಿಕೆ ಕೆಡುವುದು ಹೀಗೇ.

ಕೂರಿಸುವುದರಲ್ಲೂ ಎಚ್ಚರ ಬೇಕು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ಮನೆ ಬರೆದು ಎಡಕ್ಕೆ ಹತ್ತು, ಬಲಕ್ಕೆ ಬಿಡಿ ಎಂದಿಡುತ್ತೇವೆ. ಜೋಡಿಯನ್ನು ಎದುರುಬದುರು ಕೂರಿಸಿದರೆ ಒಂದು ಮಗುವಿಗೆ ಹತ್ತರ ಮನೆ ಬಲಕ್ಕೆ ಕಾಣುತ್ತದೆ, 41 ಅದರ ಪಾಟಿಯಲ್ಲಿ 14 ಆಗುತ್ತದೆ. ಅಕ್ಕಪಕ್ಕ ಕೂರಿಸಬೇಕು. ಶಿಕ್ಷಕರೂ ಮಕ್ಕಳಿಗೆ ಎದುರಾಗಿ ಕೂತು ತೋರಿಸದೆ, ಅವರ ಮಗ್ಗುಲಿಗೆ ಕೂತೇ ತೋರಿಸಬೇಕು.

ಈಗ 41ರಲ್ಲಿ 17. ನೆಲದ ಮೇಲೆ 41 ಮಾತ್ರ ಇಡಬೇಕು, 17 ಚೀಟಿಯಲ್ಲಿ ಇರಲಿ. ಕೂಡುವಾಗ ಎರಡನ್ನೂ ಇಟ್ಟ ಅಭ್ಯಾಸಕ್ಕೆ ಮಕ್ಕಳು ಇಲ್ಲೂ 17 ಇಟ್ಟುಬಿಡುತ್ತಾರೆ, ಆಮೇಲೆ ಯಾವುದರಿಂದ ಏನು ತೆಗೆಯಬೇಕೋ ತಿಳಿಯುವುದಿಲ್ಲ. ("ಯಾರ ಹತ್ತಿರ ಎಷ್ಟು ಹೆಚ್ಚು?" ಎಂಬ ಹೋಲಿಕೆಯ ಲೆಕ್ಕದಲ್ಲಿ ಮಾತ್ರ ಎರಡೂ ಇಡುವುದು ಸರಿ.) ಬಿಡಿಯಿಂದ 7 ತೆಗೆಯಲು ಹೇಳಿ. ಇರುವುದು ಒಂದೇ. ಇಲ್ಲಿ ಸುಮ್ಮನಿರಬೇಕು, ಬಿಚ್ಚು ಎಂಬ ಮಾತು ನಮ್ಮ ಬಾಯಿಂದ ಬರಬಾರದು. ಮಗು ಒಂದು ಕಟ್ಟು ಬಿಚ್ಚಿ ಬಿಡಿಯ ಮನೆಗೆ ಸುರಿದ ಕ್ಷಣವೇ ಪಾಟಿಯಲ್ಲಿ 4 ಹೊಡೆದು 3, 1 ಹೊಡೆದು 11 ಬರೆಯಬೇಕು. 11ರಲ್ಲಿ 7 ತೆಗೆದಾಗ 4, ಮೂರು ಕಟ್ಟಿನಲ್ಲಿ ಒಂದು ತೆಗೆದಾಗ 2. ಉತ್ತರ 24. ಕೆಲವು ಮಕ್ಕಳು ಬಿಚ್ಚಿದ ಹತ್ತರಿಂದಲೇ 7 ತೆಗೆದು, ಉಳಿದ 3ನ್ನು ಹಳೆಯ 1ಕ್ಕೆ ಸೇರಿಸುತ್ತಾರೆ. ಅದೂ ಸರಿಯೇ, ತಡೆಯಬಾರದು.

ಕೈ ಮತ್ತು ಪಾಟಿ ಒಟ್ಟಿಗೇ ನಡೆಯಬೇಕು. ಕಡ್ಡಿಯ ಕೆಲಸ ಪೂರ್ತಿ ಮುಗಿಸಿ, ಚೀಲ ಕಟ್ಟಿಟ್ಟು, ಆಮೇಲೆ ಬರೆಸಿದರೆ ಮಗುವಿಗೆ ಅವು ಎರಡು ಬೇರೆ ಆಟ: ಕಡ್ಡಿಯಲ್ಲಿ 24 ತೆಗೆದ ಮಗುವೇ ಪಾಟಿಯಲ್ಲಿ ಮತ್ತೆ 36 ಬರೆಯುತ್ತದೆ. "ಕಡ್ಡಿ ಕೊಟ್ಟೆವು, ಪ್ರಯೋಜನ ಆಗಲಿಲ್ಲ" ಎನ್ನುವ ಕಡೆ ಹೋಗಿ ನೋಡಿದರೆ ಸಾಮಾನ್ಯವಾಗಿ ಇದೇ ಇರುತ್ತದೆ.

ಕಡ್ಡಿಯ ಬಳಕೆ ಬಿಡಿಸುವುದು ಯಾವಾಗ? 52−18, 64−31, 70−26, 43−9, 85−45 ಬರೆದ ಐದು ಚೀಟಿ ಕೊಟ್ಟು, ಉತ್ತರ ಕೇಳದೆ, "ಬಿಚ್ಚಬೇಕೋ ಬ್ಯಾಡೋ?" ಎಂದು ಎರಡು ಗುಂಪು ಮಾಡಿಸಿ. 64−31, 85−45 ಬೇಡದ ಗುಂಪಿಗೆ ಹೋಗಬೇಕು. ಸರಿ ಮಾಡಿದವರು ಚಿತ್ರಕ್ಕೆ ಬರಲಿ: ಕಟ್ಟಿಗೆ ಒಂದು ಉದ್ದ ಗೆರೆ, ಬಿಡಿಗೆ ಚುಕ್ಕೆ. ಗೆರೆ ಹೊಡೆದು ಹತ್ತು ಚುಕ್ಕೆ ಹಾಕುವುದೇ ಬಿಚ್ಚುವುದು. ಚಿತ್ರ ಬಿಟ್ಟು ನೇರ ಅಂಕಿಗೆ ಹಾರಿಸಬೇಡಿ.

ಮಣಿಕಟ್ಟು (ಸರಳಿಗೆ ಮಣಿ ಪೋಣಿಸಿದ ಅಬ್ಯಾಕಸ್), ಹತ್ತು ರೂಪಾಯಿ ನೋಟು ಆಮೇಲಿನವು. ಹತ್ತರ ಸರಳಿನ ಮಣಿಯೂ ಬಿಡಿಯ ಮಣಿಯೂ ಒಂದೇ ಗಾತ್ರ, ಅದರೊಳಗೆ ಹತ್ತು ಕಾಣುವುದಿಲ್ಲ. ಗಣಿತ ಕಿಟ್‌ನಲ್ಲಿ ಬರುವ ಹತ್ತರ ಪಟ್ಟಿಯಲ್ಲಿ ಹತ್ತು ಭಾಗ ಕಾಣುತ್ತವೆ, ಆದರೆ ಅದು ಒಡೆಯುವುದಿಲ್ಲ, ಅದನ್ನು ಕೊಟ್ಟು ಹತ್ತು ಬಿಡಿ ಬದಲಿಸಿಕೊಳ್ಳಬೇಕು. ಹಾಗಾಗಿ ಕಟ್ಟು, ಪಟ್ಟಿ, ಮಣಿ ಅಥವಾ ನೋಟು, ಈ ಕ್ರಮ.

ಸಂಖ್ಯೆ ಓದಿ ಬರೆಯುವುದರ ತೊಡಕು ಬೇರೆ. ಇಪ್ಪತ್ತೈದು ಎಂದು ಕೇಳಿ 205, ನೂರಾ ಐದು ಎಂದು ಕೇಳಿ 1005 ಬರೆಯುವ ಮಗು ಕೇಳಿದ್ದನ್ನು ಕೇಳಿದಂತೆಯೇ ಬರೆದಿದೆ. ಹಳೆಯ ಲಗ್ನಪತ್ರಿಕೆಯಿಂದ ಚೀಟಿ ಮಾಡಿ: 1ರಿಂದ 9 ಬರೆದವು 4 ಸೆಂ.ಮೀ., 10ರಿಂದ 90 ಬರೆದವು 8 ಸೆಂ.ಮೀ., 100ರಿಂದ 900 ಬರೆದವು 12 ಸೆಂ.ಮೀ. ಉದ್ದ. ಒಟ್ಟು 27. ಬಲ ಅಂಚು ಕೂಡಿಸಿ 20ರ ಮೇಲೆ 5 ಇಟ್ಟರೆ ಸೊನ್ನೆ ಮುಚ್ಚಿ 25 ಆಗುತ್ತದೆ, ಮೇಲೆತ್ತಿದರೆ 20 ಒಳಗೇ ಇದೆ. ಒಂಬತ್ತು, ಎಂಬತ್ತು, ತೊಂಬತ್ತು ಕಿವಿಗೆ ಹತ್ತಿರ, ಮೂರನ್ನೂ ಒಂದೇ ದಿನ ಕಡ್ಡಿಯಲ್ಲಿ ಇಟ್ಟು ತೋರಿಸಬೇಕು. ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿಗೆ ಪಚ್ಚೀಸ್ ಎಂಬುದರಲ್ಲಿ ಇಪ್ಪತ್ತೂ ಐದೂ ಬಿಡಿಬಿಡಿಯಾಗಿ ಕೇಳಿಸುವುದಿಲ್ಲ, ಅವರಿಗೆ ಕಟ್ಟಿನ ಕೆಲಸ ಇನ್ನಷ್ಟು ದಿನ ಬೇಕು. ಎಣಿಕೆ ಮನೆಮಾತಿನಲ್ಲೇ ಆಗಲಿ.

1ನೇ ತರಗತಿಗೆ ಹುಣಸೆ ಬೀಜ ಚೆನ್ನ. ಹತ್ತು ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ, ಎಸೆದು, ಕಪ್ಪೆಷ್ಟು ಬಿಳಿಯೆಷ್ಟು ಬರೆಸಿದರೆ 7 ಮತ್ತು 3, 6 ಮತ್ತು 4 ಬಾಯಿಪಾಠವಿಲ್ಲದೆ ಕೂರುತ್ತವೆ. ಕಡಲೆ, ಹೆಸರು ಕೊಡಲೇಬೇಡಿ, ಕಿವಿ ಮೂಗಿಗೆ ಹೋದರೆ ಪಸೆಗೆ ಊದಿಕೊಳ್ಳುತ್ತವೆ. ಬೀಜ ಯಾವುದಾದರೂ ನಮ್ಮ ಕಣ್ಣೆದುರೇ ಆಡಬೇಕು.

ಗುಳೆ ಹೋಗಿ ತಿಂಗಳುಗಟ್ಟಲೆ ಆದ ಮೇಲೆ ಮರಳಿದ ಮಗುವನ್ನು ತರಗತಿ ಇರುವ ಪುಟಕ್ಕೆ ಕೂರಿಸಬೇಡಿ. ಮೊದಲು ಐದು ನಿಮಿಷ ನಾಲ್ಕು ಕೆಲಸ ಕೊಡಿ: ರಾಶಿಯಿಂದ 8 ಕಡ್ಡಿ ಎಣಿಸಿ ಕೊಡು, 34 ಇಟ್ಟು ತೋರಿಸು, 27ಕ್ಕೆ 15 ಸೇರಿಸು, 32ರಲ್ಲಿ 8 ತೆಗೆ. ಎಲ್ಲಿ ನಿಂತಿತೋ ಅಲ್ಲಿಂದ ಶುರು. 34ರಲ್ಲೇ ನಿಂತರೆ ಕಟ್ಟುವ ವಾರ ಅದಕ್ಕೆ ಮತ್ತೆ ಬೇಕು, ಅದು 3ನೇ ತರಗತಿಯ ಮಗುವಾದರೂ. ಕಟ್ಟುವುದು ಬಂದಿರುವ ಒಬ್ಬರನ್ನು ಅದರ ಪಕ್ಕಕ್ಕೆ ಕೂರಿಸಿ, ಉಂಗುರ ಹಾಕುವ ಕೈ ಮಾತ್ರ ಮರಳಿ ಬಂದ ಮಗುವಿನದೇ ಇರಲಿ.